ಕೇಳಿದ್ದರೆ ನಾನೇ ಹೂಂ ಅಂತಿದ್ದೆ

ಎರಡನೇ ಹೆರಿಗೆಯಾದ ಮರುದಿನ ಬೆಳಿಗ್ಗೆ ವಾರ್ಡಿಗೆ ಬಂದ ಸಿಸ್ಟರ್ ಕೈಯಲ್ಲಿ ಒಂದು ಫಾರ್ಮ್ ಇತ್ತು. ನಾನು ಕೂಸಿಗೆ ಹಾಲು ಕುಡಿಸುತ್ತ ಮಲಗಿದ್ದೆ. ಅವರು ನನ್ನ ಮಂಚದ ಪಕ್ಕ ನಿಂತು, ನನ್ನ ಗಂಡನ ಕಡೆ ತಿರುಗಿ, "ಅಣ್ಣಾರ, ಎರಡಾದ್ವಲ್ಲ. ಆಪರೇಶನ್ ಮಾಡಿಸಿ ಬಿಡೂದೇನ್ರಿ?" ಅಂತ ಕೇಳಿದರು. ಇವರು ನಮ್ಮ ಅತ್ತೆಯ ಮುಖ ನೋಡಿದರು. ಅತ್ತೆ ಬಾಗಿಲ ಹತ್ತಿರ ನಿಂತಿದ್ದ ಮಾವನ ಮುಖ ನೋಡಿದರು. ಪ್ರಶ್ನೆ ಮೂರು ಜನರನ್ನು ಸುತ್ತಿ ಬಂತು, ನನ್ನ ಹತ್ತಿರ ಮಾತ್ರ ಬರಲಿಲ್ಲ. ಯಾವ ದವಾಖಾನೆ ಅಂತ ಹೇಳುವ ಅಗತ್ಯವಿಲ್ಲ. ಹೆರಿಗೆಯಾದ ಯಾವ ಹೆಣ್ಣುಮಗಳನ್ನು ಕೇಳಿದರೂ ತನ್ನದೇ ಕಥೆ ಅಂದಾಳು. ಆ ಸಿಸ್ಟರ್ ಕೆಟ್ಟವರೂ ಅಲ್ಲ. ಹಿಂದಿನ ರಾತ್ರಿ ನೋವು ಬಂದಾಗ ನನ್ನ ಕೈ ಹಿಡಿದು ಕೂತವರೇ ಅವರು.

ನನಗೆ ಆಪರೇಶನ್ ಬೇಕಾಗಿತ್ತು, ಆ ಮಾತು ಬೇರೆ. ಆದರೆ ಅಲ್ಲಿ ಮಲಗಿದ್ದವಳು ನಾನು, ಹೊಟ್ಟೆ ನನ್ನದು. ಇಷ್ಟು ಸರಳ ಸಂಗತಿ ಒಂದು ಕೋಣೆಯಲ್ಲಿದ್ದ ನಾಲ್ಕು ಮಂದಿಗೆ ಹೊಳೆಯದಂತೆ ಆಗಲು ಎಷ್ಟು ವರ್ಷ ಹಿಡಿದಿರಬೇಕು? ಈ ಬರಹ ಅಲ್ಲಿಂದ ಹುಟ್ಟಿತು. ಇಷ್ಟು ಉದ್ದದ್ದನ್ನು ಸ್ಟ್ರಿಂಗರ್ ಕಳಿಸಿದರೆ ಯಾವ ಡೆಸ್ಕಿನವರೂ ಹಾಕುವುದಿಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಡೆ ಹೆಂಗಸರ ಬಾಯಲ್ಲಿ 'ಆಪರೇಶನ್' ಅನ್ನುವ ಪದಕ್ಕೆ ಒಂದೇ ಅರ್ಥ. ಕಣ್ಣಿನದ್ದಾದರೆ ಕಣ್ಣಿನ ಆಪರೇಶನ್, ಕರುಳಿನದ್ದಾದರೆ ಅಪೆಂಡಿಕ್ಸ್ ಆಪರೇಶನ್. ಬರೀ "ಆಪರೇಶನ್ ಆಗೇತಿ" ಅಂದರೆ ಮುಗಿಯಿತು, ಮತ್ತೆ ಬಿಡಿಸಿ ಹೇಳಬೇಕಿಲ್ಲ. ಕಳಸಾಪುರದಲ್ಲಿ ನಮ್ಮ ಓಣಿಯ ಕಟ್ಟೆ ಮೇಲೆ ಸಂಜೆ ಕೂಡುವ ಹೆಂಗಸರಲ್ಲಿ ಆಪರೇಶನ್ ಆಗದವರು ಸಿಗುವುದೇ ಕಷ್ಟ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು ನಮ್ಮ ರಾಜ್ಯದಲ್ಲಿ ನಡೆದದ್ದು 2019-20ರಲ್ಲಿ. ಅದರ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ವಿವಾಹಿತ ಮಹಿಳೆಯರಲ್ಲಿ ಶೇ. 57.4 ಮಂದಿಗೆ ಸಂತಾನಹರಣ ಚಿಕಿತ್ಸೆ ಆಗಿದೆ. ಇಡೀ ದೇಶದ ಸರಾಸರಿ ಶೇ. 37.9. ಕರ್ನಾಟಕದ ಗಂಡಸರ ಸಾಲಿನಲ್ಲಿ ಬರೆದಿರುವ ಅಂಕಿ 0.0. ಅಚ್ಚಿನ ತಪ್ಪೇನೋ ಅಂತ ನಾನು ಎರಡು ಸಲ ನೋಡಿದೆ. ತಪ್ಪಲ್ಲ. ಗಂಡಸರ ಆಪರೇಶನ್ ಹೆಂಗಸರದಕ್ಕಿಂತ ಚಿಕ್ಕದು, ಬೇಗ ಮುಗಿಯುವಂಥದ್ದು, ಅಪಾಯ ಕಡಿಮೆ. ಆದರೂ ಸೊನ್ನೆ.

ನೂರು ವರ್ಷಗಳ ಹಿಂದೆ ಸಂತಾನ ನಿಯಂತ್ರಣದ ಮಾತು ನಮ್ಮ ದೇಶಕ್ಕೆ ಬಂದಾಗ ಅದರ ಜೊತೆ ಎರಡು ಪ್ರಶ್ನೆಗಳು ಬಂದವು. ಹೆರುವವಳಿಗೆ ಮಕ್ಕಳು ಎಷ್ಟು ಬೇಕು, ಯಾವಾಗ ಬೇಕು ಅನ್ನುವುದು ಒಂದು. ಯಾರು ಹೆರಬೇಕು, ಯಾರು ಹೆರಬಾರದು ಅನ್ನುವುದು ಇನ್ನೊಂದು. ಮೊದಲನೆಯದನ್ನು ಕೇಳಿದವರು ಹೆಚ್ಚಾಗಿ ಹೆಂಗಸರು. ಎರಡನೆಯದನ್ನು ಕೇಳಿದವರು ಹೆಚ್ಚಾಗಿ ಗಂಡಸರು, ಓದಿದವರು, ಅಧಿಕಾರದಲ್ಲಿದ್ದವರು. ಕೆಲವೊಮ್ಮೆ ಒಂದೇ ಬಾಯಲ್ಲಿ ಎರಡೂ ಪ್ರಶ್ನೆ ಬಂದವು, ತೊಡಕು ಆಗಿದ್ದೇ ಅಲ್ಲಿ.

ಎರಡನೇ ಪ್ರಶ್ನೆಗೊಂದು ಶಾಸ್ತ್ರವೇ ಇತ್ತು. ಚಾರ್ಲ್ಸ್ ಡಾರ್ವಿನ್ನನ ಸಂಬಂಧಿ ಫ್ರಾನ್ಸಿಸ್ ಗಾಲ್ಟನ್ 1883ರಲ್ಲಿ ಅದಕ್ಕೆ 'ಯೂಜೆನಿಕ್ಸ್' ಅಂತ ಹೆಸರಿಟ್ಟ. ಕನ್ನಡದಲ್ಲಿ ಸುಜನನಶಾಸ್ತ್ರ ಅನ್ನುತ್ತಾರೆ. ಹೆಸರೇನೋ ಚೆಂದ. ಒಳಗಿನ ವಿಚಾರ ಇಷ್ಟೇ: ಎತ್ತು, ಕುದುರೆ ತಳಿ ಸುಧಾರಿಸುವ ಹಾಗೆ ಮನುಷ್ಯರದ್ದೂ ಸುಧಾರಿಸಬೇಕು, 'ಯೋಗ್ಯರು' ಹೆಚ್ಚು ಹೆರಬೇಕು, 'ಅಯೋಗ್ಯರು' ಹೆರಲೇಬಾರದು. ಯೋಗ್ಯರು ಯಾರು ಅಂತ ತೀರ್ಮಾನಿಸುವವರು ತಮ್ಮನ್ನು ಅಯೋಗ್ಯರ ಪಟ್ಟಿಗೆ ಸೇರಿಸಿಕೊಂಡ ಉದಾಹರಣೆ ನನಗೆ ಸಿಕ್ಕಿಲ್ಲ. ಅಮೆರಿಕದ ಇಂಡಿಯಾನಾ ರಾಜ್ಯ 1907ರಲ್ಲಿ ಬಲವಂತದ ಸಂತಾನಹರಣಕ್ಕೆ ಕಾನೂನು ಮಾಡಿತು. ಕ್ಯಾರಿ ಬಕ್ ಅನ್ನುವ ಬಡ ಹುಡುಗಿಯನ್ನು ಬುದ್ಧಿಮಾಂದ್ಯಳು ಅಂತ ಕರೆದು ಆಕೆಗೆ ಆಪರೇಶನ್ ಮಾಡುವುದು ಸರಿ ಅಂತ ಅಲ್ಲಿನ ಸುಪ್ರೀಂ ಕೋರ್ಟು 1927ರಲ್ಲಿ ತೀರ್ಪು ಕೊಟ್ಟಿತು. ಆ ಬಗೆಯ ಕಾನೂನುಗಳಡಿ ಆ ದೇಶದಲ್ಲಿ 60 ಸಾವಿರಕ್ಕೂ ಹೆಚ್ಚು ಮಂದಿಗೆ ಆಪರೇಶನ್ ಆಯಿತು. ಹಿಟ್ಲರನ ಜರ್ಮನಿ 1933ರಲ್ಲಿ ಇಂಥದ್ದೇ ಕಾನೂನು ತಂದಾಗ ಅದರ ಮುಂದೆ ಅಮೆರಿಕದ ಮಾದರಿ ಇತ್ತು.

ಇನ್ನು ಮಾರ್ಗರೆಟ್ ಸ್ಯಾಂಗರ್. ನರ್ಸ್ ಆಗಿದ್ದಾಕೆ. ಆಕೆಯ ತಾಯಿ 18 ಸಲ ಬಸಿರಾಗಿದ್ದಳು. ಹೆತ್ತು ಹೆತ್ತು ಸೋತ ಬಡ ಹೆಂಗಸರನ್ನು ನೋಡಿ 1916ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದು ಜೈಲಿಗೂ ಹೋದಳು. ಅದೇ ಸ್ಯಾಂಗರ್ 1920ರ ದಶಕದಲ್ಲಿ ಸುಜನನವಾದಿಗಳ ಕೈ ಹಿಡಿದು, 'ಅಯೋಗ್ಯರ' ಸಂತಾನ ತಡೆಯಬೇಕು ಅಂತ ಬರೆದಳು. ಹೆಂಗಸಿನ ಸಂಕಟ ಅಂದರೆ ಕೇಳದ ದೊಡ್ಡವರು ಜನಾಂಗದ ಸುಧಾರಣೆ ಅಂದರೆ ಕೇಳುತ್ತಿದ್ದರು, ಬಹುಶಃ ಅದಕ್ಕೇ ಆ ದಾರಿ ಹಿಡಿದಿರಬೇಕು ಅಂತ ನನಗೆ ಅನ್ನಿಸುತ್ತದೆ. ಆದರೆ ಸಾಲ ಅಂದಮೇಲೆ ಬಡ್ಡಿ ಬರುತ್ತದೆ. ಆಕೆ ಕಟ್ಟಿದ ಸಂಸ್ಥೆಯ ನ್ಯೂಯಾರ್ಕ್ ಶಾಖೆಯೇ 2020ರಲ್ಲಿ ತನ್ನ ಕ್ಲಿನಿಕ್ಕಿನಿಂದ ಆಕೆಯ ಹೆಸರು ತೆಗೆಯಿತು.

ನಮ್ಮ ಕಡೆ ಬರೋಣ. ಆಗ ಗದಗ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ನಮ್ಮ ಪೇಟೆ, ನಮ್ಮ ಕೋರ್ಟು, ನಮ್ಮ ಸುದ್ದಿ ಎಲ್ಲ ಮುಂಬೈ, ಪುಣೆ, ಸೊಲ್ಲಾಪುರದ ಕಡೆ ಮುಖ ಮಾಡಿದ್ದವು. ರಘುನಾಥ ಧೋಂಡೋ ಕರ್ವೆ ಮುಂಬೈಯಲ್ಲಿ ಸಂತಾನ ನಿಯಂತ್ರಣದ ಕೇಂದ್ರ ತೆರೆದದ್ದು 1921ರಲ್ಲಿ. ಆ ಕೆಲಸಕ್ಕಾಗಿ ಅವರು ಕಾಲೇಜಿನ ಪ್ರಾಧ್ಯಾಪಕ ಹುದ್ದೆ ಕಳೆದುಕೊಂಡರು. 1927ರಿಂದ ಸಾಯುವವರೆಗೂ 'ಸಮಾಜಸ್ವಾಸ್ಥ್ಯ' ಅನ್ನುವ ಮರಾಠಿ ಪತ್ರಿಕೆ ನಡೆಸಿ ಕೋರ್ಟಿನ ಮೆಟ್ಟಿಲು ಹತ್ತಿದರು. ಅದೇ ಕಾಲಕ್ಕೆ, 1920ರ ದಶಕದ ಕೊನೆಯಲ್ಲಿ, ಸೊಲ್ಲಾಪುರದಲ್ಲಿ ಡಾ. ಎ. ಪಿ. ಪಿಳ್ಳೈ ಸುಜನನ ಶಿಕ್ಷಣದ ಸಂಘವೊಂದನ್ನು ಕಟ್ಟಿದರು. ಮುಂದೆ 1934ರಲ್ಲಿ ಮುಂಬೈಯಿಂದ 'ಮ್ಯಾರೇಜ್ ಹೈಜಿನ್' ಅನ್ನುವ ಇಂಗ್ಲಿಷ್ ಪತ್ರಿಕೆ ತಂದರು. ಸೊಲ್ಲಾಪುರ ಅಂದರೆ ಗಿರಣಿಗಳ ಊರು. ಕನ್ನಡ ಮಾತಾಡುವವರೂ ಅಲ್ಲಿ ಬಹಳ ಇದ್ದರು.

ಆ ಊರಿನಲ್ಲೇ ಇನ್ನೊಂದು ಸಂಗತಿ ಇತ್ತು: ಸೆಟ್ಲಮೆಂಟ್. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಕೆಲವು ಜಾತಿಗಳನ್ನು ಹುಟ್ಟಿನಿಂದಲೇ ಕಳ್ಳರು ಅಂತ ಪಟ್ಟಿ ಮಾಡಿತು. ಕೊರಚರು, ಗಂಟಿಚೋರರು, ಹರಣಶಿಕಾರಿಗಳನ್ನು ಬೇಲಿಯೊಳಗೆ ಇರಿಸಿ, ಹಾಜರಿ ಕರೆದು, ಗಿರಣಿಗೆ, ರೈಲ್ವೆ ಕೆಲಸಕ್ಕೆ ಕಳಿಸುವ ಕೇರಿಗಳೇ ಈ ಸೆಟ್ಲಮೆಂಟುಗಳು. ಹುಬ್ಬಳ್ಳಿಯಲ್ಲಿ ಇತ್ತು, ವಿಜಾಪುರದಲ್ಲಿ ಇತ್ತು, ನಮ್ಮ ಗದಗ-ಬೆಟಗೇರಿಯಲ್ಲೂ ಇತ್ತು. ಇವತ್ತಿಗೂ ಆಟೊದವರಿಗೆ 'ಸೆಟ್ಲಮೆಂಟ್' ಅಂದರೆ ಸಾಕು, ಎಲ್ಲಿ ಅಂತ ಕೇಳುವುದಿಲ್ಲ. ಬಂಜಾರರ, ಅಂದರೆ ನಮ್ಮ ಲಂಬಾಣಿಗರ, ಕೆಲವು ಗುಂಪುಗಳೂ ಬೇರೆ ಬೇರೆ ಪ್ರಾಂತಗಳಲ್ಲಿ ಆ ಪಟ್ಟಿಯಲ್ಲಿದ್ದವು. ದೇಶದಾದ್ಯಂತ ಆ ಕಾಯ್ದೆ ಹೋದದ್ದು 1952ರ ಆಗಸ್ಟ್ 31ರಂದು. ಸೆಟ್ಲಮೆಂಟಿನಲ್ಲಿ ಯಾರಿಗೂ ಸಂತಾನಹರಣ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಆದರೆ ಅಮೆರಿಕದಲ್ಲಿ 'ಜನಾಂಗ' ಅನ್ನುವ ಪದ ಮಾಡಿದ ಕೆಲಸವನ್ನು ಇಲ್ಲಿ ಜಾತಿ ಮಾಡಿತು. ಗುಣ ರಕ್ತದಲ್ಲಿ ಬರುತ್ತದೆ, ಕೆಲವರ ಮಕ್ಕಳು ಹುಟ್ಟುವ ಮೊದಲೇ ಸಮಸ್ಯೆ ಅಂತ ಸರಕಾರವೇ ಕಾಗದದಲ್ಲಿ ಬರೆದಿಟ್ಟುಕೊಂಡ ಪ್ರಾಂತ ನಮ್ಮದು. ಸುಜನನದ ಮಾತು ಬಂದು ಬಿದ್ದದ್ದು ಇಂಥ ಹದವಾದ ನೆಲಕ್ಕೆ.

ದಕ್ಷಿಣಕ್ಕೆ ಮೈಸೂರು ಸಂಸ್ಥಾನದಲ್ಲಿ ಕಥೆ ಬೇರೆ. 1930ರ ಜೂನ್ 11ರಂದು ಮೈಸೂರು ಸರಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಆದೇಶ ಕೊಟ್ಟಿತು. ಜಗತ್ತಿನಲ್ಲಿ ಸರಕಾರವೊಂದು ತಾನೇ ನಡೆಸಿದ ಮೊದಲ ಸಂತಾನ ನಿಯಂತ್ರಣ ಕ್ಲಿನಿಕ್ಕುಗಳು ಇವೇ ಅನ್ನುತ್ತಾರೆ. ಅಮೆರಿಕದಲ್ಲಿ ಗರ್ಭನಿರೋಧಕದ ಬಗ್ಗೆ ಅಂಚೆಯಲ್ಲಿ ಕಾಗದ ಕಳಿಸುವುದೂ ಅಪರಾಧವಾಗಿದ್ದ ಕಾಲದಲ್ಲಿ ಬೆಂಗಳೂರು, ಮೈಸೂರಿನ ಹೆಂಗಸರು ಸರಕಾರಿ ವೈದ್ಯರನ್ನು ಕೇಳಬಹುದಿತ್ತು. ಇದು ಸಣ್ಣ ಮಾತಲ್ಲ.

ಹೆಂಗಸರ ಸಂಘಟನೆಗಳು ಏನು ಮಾಡುತ್ತಿದ್ದವು? 1927ರಲ್ಲಿ ಹುಟ್ಟಿದ ಅಖಿಲ ಭಾರತ ಮಹಿಳಾ ಸಮ್ಮೇಳನ ಐದಾರು ವರ್ಷದೊಳಗೇ ಸಂತಾನ ನಿಯಂತ್ರಣದ ಪರ ಠರಾವು ಮಾಡಿತು. 1935ರ ಕೊನೆಯಲ್ಲಿ ತಿರುವನಂತಪುರದ ಅಧಿವೇಶನಕ್ಕೆ ಸ್ಯಾಂಗರಳನ್ನೇ ಕರೆಸಿದರು. ಅದೇ ಡಿಸೆಂಬರಿನಲ್ಲಿ ಆಕೆ ವಾರ್ಧಾಕ್ಕೆ ಹೋಗಿ ಗಾಂಧೀಜಿಯ ಜೊತೆ ವಾದಿಸಿದಳು. ಬ್ರಹ್ಮಚರ್ಯ ಬಿಟ್ಟು ಬೇರೆ ದಾರಿ ಅವರಿಗೆ ಒಪ್ಪಿಗೆಯಾಗಲಿಲ್ಲ. ಸಮ್ಮೇಳನದ ಹೆಂಗಸರು ಗಾಂಧೀಜಿಯನ್ನು ಮೀರಿ ನಿಂತರು ಅನ್ನುವುದು ದೊಡ್ಡ ಧೈರ್ಯ. ಆದರೆ ಅವರಲ್ಲಿ ಹೆಚ್ಚಿನವರು ಮೇಲ್ಜಾತಿಯ, ಅನುಕೂಲಸ್ಥ ಮನೆಯವರು. ತಮಗೆ ಸಂತಾನ ನಿಯಂತ್ರಣ ಹಕ್ಕಾದರೆ, ಬಡವರಿಗೆ ಅದು ಕರ್ತವ್ಯ ಅನ್ನುವ ಧಾಟಿ ಅವರ ಮಾತುಗಳಲ್ಲಿ ಮತ್ತೆ ಮತ್ತೆ ಇಣುಕುತ್ತದೆ. 1938ರಲ್ಲಿ ಕಾಂಗ್ರೆಸ್ ರಚಿಸಿದ, ನೆಹರೂ ಅಧ್ಯಕ್ಷತೆಯ ರಾಷ್ಟ್ರೀಯ ಯೋಜನಾ ಸಮಿತಿ ಜನಸಂಖ್ಯೆಯ ಪ್ರಶ್ನೆ ಎತ್ತಿಕೊಂಡಾಗ, ಹುಚ್ಚು, ಅಪಸ್ಮಾರದಂಥ ಕಾಯಿಲೆ ಇರುವವರಿಗೆ ಸಂತಾನಹರಣ ಮಾಡಬೇಕು ಅನ್ನುವ ಶಿಫಾರಸು ಸುಜನನದ ಹೆಸರಿನಲ್ಲೇ ಬಂತು. ಸ್ವಾತಂತ್ರ್ಯ ಬರುವ ಮೊದಲೇ ಅದು ನಮ್ಮ ಯೋಜನೆಯ ಕಾಗದ ಸೇರಿತ್ತು.

ಮೊದಲನೇ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದವರು ಬೇರೆ ಕಡೆಯಿಂದ ಬಂದರು. 1938ರ ನವೆಂಬರ್ 10. ಮುಂಬೈ ಶಾಸನಸಭೆ, ಅಂದರೆ ಧಾರವಾಡ ಜಿಲ್ಲೆಯ ಸದಸ್ಯರೂ ಕೂತಿದ್ದ ನಮ್ಮದೇ ಸಭೆ. ಸ್ವತಂತ್ರ ಕಾರ್ಮಿಕ ಪಕ್ಷದ ಪಿ. ಜೆ. ರೋಹಮ್ ಸಂತಾನ ನಿಯಂತ್ರಣದ ಪರ ಠರಾವು ಮಂಡಿಸಿದರು. ಅವರು ಓದಿದ ಭಾಷಣ ಬರೆದುಕೊಟ್ಟವರು ಬಾಬಾಸಾಹೇಬ ಅಂಬೇಡ್ಕರ್. ದೇಶದ ಬಡತನದ ವಾದವೂ ಅದರಲ್ಲಿ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅದರ ನಡುವೆ ಒಂದು ಮಾತು ಎದ್ದು ಕಾಣುತ್ತದೆ. ಹೆರುವ ನೋವು ಗಂಡಸರ ಪಾಲಿಗೆ ಬಂದಿದ್ದರೆ ಒಬ್ಬನೂ ಒಂದಕ್ಕಿಂತ ಹೆಚ್ಚು ಹೆರಲು ಒಪ್ಪುತ್ತಿರಲಿಲ್ಲ ಅನ್ನುವುದು ಅದರ ಭಾವ. ಹೆಣ್ಣಿಗೆ ಯಾವ ಕಾರಣಕ್ಕಾದರೂ ಬಸಿರು ಬೇಡವಾದರೆ ಅದನ್ನು ತಡೆಯುವ ದಾರಿ ಅವಳಿಗೆ ಸಿಗಬೇಕು, ನಿರ್ಧಾರ ಅವಳದ್ದು. ಸಭೆ ಠರಾವನ್ನು ಬಹುಮತದಿಂದ ತಳ್ಳಿಹಾಕಿತು. ಮದ್ರಾಸಿನ ಕಡೆ ಪೆರಿಯಾರ್ ಇದನ್ನು ಇನ್ನೂ ನೇರವಾಗಿ ಬಿಡಿಸಿ ಹೇಳಿದ್ದರು. ಬೇರೆಯವರು ದೇಶದ ಬಡತನಕ್ಕಾಗಿ, ಆಸ್ತಿ ಒಡೆಯಬಾರದು ಅಂತ ಸಂತಾನ ನಿಯಂತ್ರಣ ಕೇಳುತ್ತಾರೆ, ನಾವು ಹೆಣ್ಣಿನ ಬಿಡುಗಡೆಗಾಗಿ ಕೇಳುತ್ತೇವೆ ಅಂತ. ಡಿಪ್ಲೊಮಾ ಓದುವಾಗ ನಮಗೆ ಜನಸಂಖ್ಯಾ ಸ್ಫೋಟದ ಬಗ್ಗೆ ಒಂದು ಇಡೀ ಪಾಠ ಇತ್ತು. 1938ರ ಈ ಠರಾವಿನ ಬಗ್ಗೆ ಒಂದು ಸಾಲೂ ಇರಲಿಲ್ಲ.

ಸ್ವಾತಂತ್ರ್ಯ ಬಂತು. ಮೊದಲ ಪಂಚವಾರ್ಷಿಕ ಯೋಜನೆಯಲ್ಲೇ ಕುಟುಂಬ ಯೋಜನೆಗೆ ಹಣ ಇಟ್ಟೆವು, ಸರಕಾರಿ ಕಾರ್ಯಕ್ರಮ ಅಂತ ಮಾಡಿದ ಮೊದಲ ದೇಶ ನಮ್ಮದೇ. ಮೊದಲ ಪ್ರಯೋಗಗಳಲ್ಲಿ ಒಂದು ನಡೆದದ್ದು ರಾಮನಗರದಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಲ್ಲಿ ಅಮೆರಿಕದ ಡಾ. ಅಬ್ರಹಾಂ ಸ್ಟೋನ್ ಬಂದು, ಹಳ್ಳಿಯ ಹೆಂಗಸರಿಗೆ ಬಣ್ಣಬಣ್ಣದ ಮಣಿಸರ ಕೊಟ್ಟರು. ದಿನಕ್ಕೊಂದು ಮಣಿ ಸರಿಸಬೇಕು, ಕೆಂಪು ಮಣಿ ಬಂದ ದಿನಗಳಲ್ಲಿ ಗಂಡನ ಹತ್ತಿರ ಹೋಗಬಾರದು, ಹಸಿರು ಬಂದರೆ ಅಡ್ಡಿಯಿಲ್ಲ. ಪ್ರಯೋಗ ಸೋತಿತು. ಆಮೇಲೆ ದೇಶವಿದೇಶದ ಪುಸ್ತಕಗಳಲ್ಲಿ ಇದೊಂದು ನಗೆಚಾಟಿಕೆಯಾಗಿ ಉಳಿಯಿತು. ಕತ್ತಲಲ್ಲಿ ಬಣ್ಣ ಕಾಣಲಿಲ್ಲವಂತೆ, ಮಣಿಗಳನ್ನೆಲ್ಲ ಒಂದೇ ಸಲ ಒಂದು ಕಡೆ ತಳ್ಳಿ ಇನ್ನು ಬಸಿರಾಗುವುದಿಲ್ಲ ಅಂದುಕೊಂಡರಂತೆ. ಹಸು ಎಮ್ಮೆ ಬೆದೆಗೆ ಬರುವ ದಿನವನ್ನು ಬೆರಳಲ್ಲಿ ಎಣಿಸಿ ಹೇಳುವ ಹೆಂಗಸರಿಗೆ ಮಣಿ ಎಣಿಸಲು ಬರಲಿಲ್ಲ ಅನ್ನುವುದನ್ನು ನಾನು ನಂಬುವುದಿಲ್ಲ. ಮಣಿ ಕೆಂಪಾದ ರಾತ್ರಿ ಗಂಡ ಕೇಳುತ್ತಾನೆಯೇ ಅನ್ನುವುದು ಅಲ್ಲಿದ್ದ ನಿಜವಾದ ಪ್ರಶ್ನೆ. ಸರ ಕೊಟ್ಟದ್ದು ಹೆಂಗಸರ ಕೈಗೆ.

1965ರಲ್ಲಿ ಲೂಪ್ ಬಂತು. ಹಾಕುವ ಶಿಬಿರ ನಡೆದವು, ಹಾಕಿದ ಮೇಲೆ ರಕ್ತ ಹೋದರೆ ನೋಡುವವರು ಇರಲಿಲ್ಲ. ಬರಗಾಲದ ಆ ದಿನಗಳಲ್ಲಿ ಗೋಧಿ ಕಳಿಸಲು ಅಮೆರಿಕದ ಅಧ್ಯಕ್ಷ ಜಾನ್ಸನ್ ಜನಸಂಖ್ಯೆಯ ಮಾತನ್ನು ಮುಂದಿಟ್ಟ. 1971ರಲ್ಲಿ ಎರ್ನಾಕುಲಂನ ಒಂದೇ ಶಿಬಿರದಲ್ಲಿ 63 ಸಾವಿರಕ್ಕೂ ಹೆಚ್ಚು ಗಂಡಸರಿಗೆ ಆಪರೇಶನ್ ಆಯಿತು, ಸೀರೆ ಪಂಚೆ ಅಕ್ಕಿ ಬಹುಮಾನ. ಆಮೇಲೆ ತುರ್ತು ಪರಿಸ್ಥಿತಿ. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ ಸುಮಾರು 82 ಲಕ್ಷ ಆಪರೇಶನ್, ಅದರಲ್ಲಿ 62 ಲಕ್ಷ ಗಂಡಸರದ್ದು. ಶಿಕ್ಷಕರಿಗೆ ಟಾರ್ಗೆಟ್, ತಲಾಟಿಗೆ ಟಾರ್ಗೆಟ್. ಉತ್ತರದ ರಾಜ್ಯಗಳಲ್ಲಿ ಹಳ್ಳಿಗೆ ಪೊಲೀಸರು ಸುತ್ತುಗಟ್ಟಿದರು. ಸಿಕ್ಕಿಬಿದ್ದವರು ಬಡವರು, ದಲಿತರು, ಮುಸ್ಲಿಮರು. ಇದೆಲ್ಲ ಬೇಕಾದಷ್ಟು ಬರೆದಾಗಿದೆ.

ನನಗೆ ಮುಖ್ಯವಾಗಿ ಕಂಡದ್ದು ಆಮೇಲೆ ನಡೆದದ್ದು. ಗಂಡಸರಿಗೆ ಸಿಟ್ಟು ಬಂತು, ಚುನಾವಣೆಯಲ್ಲಿ ಸರಕಾರ ಬಿದ್ದಿತು. ಮರುವರ್ಷ ಆಪರೇಶನ್ನುಗಳ ಸಂಖ್ಯೆ ಹತ್ತು ಲಕ್ಷದೊಳಗೆ ಇಳಿಯಿತು, ಅದರಲ್ಲಿ ಬಹುಪಾಲು ಹೆಂಗಸರದ್ದು. ಗಂಡಸರ ತಂಟೆಗೆ ಹೋದರೆ ಓಟು ಹೋಗುತ್ತದೆ ಅಂತ ಎಲ್ಲ ಪಕ್ಷಗಳೂ ಕಲಿತವು. ಹೆಂಗಸರ ತಂಟೆಗೆ ಹೋದರೆ ಏನೂ ಆಗುವುದಿಲ್ಲ ಅಂತಲೂ ಕಲಿತವು. ಕಾರ್ಯಕ್ರಮದ ಹೆಸರು 'ಕುಟುಂಬ ಕಲ್ಯಾಣ' ಆಯಿತು, ಲ್ಯಾಪರೊಸ್ಕೋಪ್ ಬಂತು, ಟಾರ್ಗೆಟ್ ಹಾಗೇ ಉಳಿಯಿತು. ನರ್ಸಬಾಯಿಯ ಭಾಷೆಯಲ್ಲಿ ಹೆಣ್ಣುಮಗಳು 'ಕೇಸ್' ಆದಳು. "ಈ ತಿಂಗಳು ಎಷ್ಟು ಕೇಸ್ ತಂದಿ?" ಆ ನರ್ಸಬಾಯಿಯ ಸಂಬಳ, ಬಡ್ತಿ, ವರ್ಗಾವಣೆ ಎಲ್ಲ ಆ ಲೆಕ್ಕಕ್ಕೆ ಕಟ್ಟಿತ್ತು. ಗೋಡೆ ಮೇಲಿನ ಕೆಂಪು ತ್ರಿಕೋನ, ಆರತಿಗೊಬ್ಬಳು ಮಗಳು ಕೀರ್ತಿಗೊಬ್ಬ ಮಗ ಅನ್ನುವ ಮಾತು ನನ್ನ ವಯಸ್ಸಿನವರಿಗೆ ನೆನಪಿರಬೇಕು.

ನಮ್ಮವ್ವನ ಆಪರೇಶನ್ ಆದದ್ದು ಈ ಟಾರ್ಗೆಟ್ಟಿನ ಕಾಲದಲ್ಲೇ, ತೊಂಬತ್ತರ ದಶಕದ ಮೊದಲಲ್ಲಿ. ನಮ್ಮ ತಮ್ಮ ಹುಟ್ಟಿ ಕೆಲವು ತಿಂಗಳಾಗಿತ್ತು. ಶಿಬಿರಕ್ಕೆ ಜೀಪ್ ಬಂತು, ಓಣಿಯ ಐದಾರು ಹೆಂಗಸರನ್ನು ಕೂಡಿಸಿಕೊಂಡು ಹೋಯಿತು. ಆಪರೇಶನ್ ಮುಗಿಸಿ ನೆಲದ ಮೇಲೆ ಸಾಲಾಗಿ ಮಲಗಿಸಿದ್ದರಂತೆ. ಹೊತ್ತು ಮುಳುಗುವುದರೊಳಗೆ ಮತ್ತೆ ಜೀಪ್, ಮತ್ತೆ ಊರು. ಈ ಬರಹಕ್ಕಾಗಿ ಮೊನ್ನೆ ಕೇಳಿದೆ: "ಯವ್ವಾ, ನಿನಗ ಬ್ಯಾಡಾಗಿತ್ತೇನು?" ಅವ್ವ ಜೋಳ ಹಸನು ಮಾಡುತ್ತಿದ್ದಳು, ಮೊರದಿಂದ ಕಣ್ಣೆತ್ತಲಿಲ್ಲ. "ಬ್ಯಾಡ ಯಾಕಾಗಿರತೈತಿ? ನಾಕು ಹಡದು ಸಾಕಾಗಿತ್ತು. ಕೇಳಿದ್ರ ನಾನ ಹೂಂ ಅಂತಿದ್ದೆ, ತಂಗಿ. ಯಾರೂ ಕೇಳಲಿಲ್ಲ."

ಕೇಳದೆ ಮಾಡಿದ್ದಕ್ಕೂ ಕೇಳಿ ಮಾಡಿದ್ದಕ್ಕೂ ಹೊಟ್ಟೆ ಮೇಲಿನ ಗಾಯ ಒಂದೇ ತರಹ ಇರುತ್ತದೆ. ಆದ್ದರಿಂದಲೇ ಇದನ್ನು ಬೇರೆಯವರಿಗೆ ತಿಳಿಸಿ ಹೇಳುವುದು ಕಷ್ಟ. ಅಮೆರಿಕದ ಕಪ್ಪು ಹೆಂಗಸರು ದಶಕಗಳ ಕಾಲ ಪಟ್ಟದ್ದು ಇದೇ ಪಾಡು. ಬಿಳಿ ಹೆಂಗಸರ ಚಳವಳಿ ಗರ್ಭಪಾತದ ಹಕ್ಕಿಗಾಗಿ ಹೋರಾಡುತ್ತಿದ್ದಾಗ, ಇವರು ತಮ್ಮ ಗರ್ಭ ಉಳಿಸಿಕೊಳ್ಳಲು ಹೋರಾಡಬೇಕಿತ್ತು. ಮಿಸಿಸಿಪ್ಪಿಯ ಹೊಲದ ಕೂಲಿ, ನಾಗರಿಕ ಹಕ್ಕುಗಳ ನಾಯಕಿ ಫ್ಯಾನಿ ಲೂ ಹೇಮರ್ 1961ರಲ್ಲಿ ಗಡ್ಡೆ ತೆಗೆಸಲು ಆಸ್ಪತ್ರೆಗೆ ಹೋದರೆ ಕೇಳದೆಯೇ ಗರ್ಭಕೋಶ ತೆಗೆದಿದ್ದರು. 1973ರಲ್ಲಿ ಅಲಬಾಮಾದಲ್ಲಿ ರೆಲ್ಫ್ ಅಕ್ಕತಂಗಿಯರು, 14 ಮತ್ತು 12 ವರ್ಷದ ಮಕ್ಕಳು. ಓದು ಬಾರದ ತಾಯಿ ಇಂಜೆಕ್ಷನ್ನಿಗೆ ಅಂತ ತಿಳಿದು ಕಾಗದದ ಮೇಲೆ ಗುರುತು ಹಾಕಿದ್ದಳು, ಆಗಿದ್ದು ಸಂತಾನಹರಣ. ಏಂಜೆಲಾ ಡೇವಿಸ್ 1981ರಲ್ಲಿ ತಮ್ಮ ಪುಸ್ತಕದಲ್ಲಿ ಈ ಎರಡು ಚಳವಳಿಗಳ ನಡುವಿನ ಬಿರುಕನ್ನು ಬಿಚ್ಚಿಟ್ಟರು. 1994ರಲ್ಲಿ ಶಿಕಾಗೋದಲ್ಲಿ ಸೇರಿದ ಕಪ್ಪು ಮಹಿಳೆಯರ ಗುಂಪು 'ಸಂತಾನ ನ್ಯಾಯ' ಅನ್ನುವ ಮಾತನ್ನೇ ಹುಟ್ಟಿಸಿತು. ಹೆರದಿರುವ ಹಕ್ಕು, ಹೆರುವ ಹಕ್ಕು, ಹೆತ್ತದ್ದನ್ನು ನೆಮ್ಮದಿಯಿಂದ ಸಾಕುವ ಹಕ್ಕು, ಮೂರೂ ಒಟ್ಟಿಗೆ.

ಅದೇ 1994ರ ಫೆಬ್ರುವರಿಯಲ್ಲಿ ಪುಣೆಯ ಸರಕಾರಿ ಆಸ್ಪತ್ರೆಯಲ್ಲಿ, ಶಿರೂರಿನ ಬುದ್ಧಿಮಾಂದ್ಯ ಹೆಣ್ಣುಮಕ್ಕಳ ನಿಲಯದಲ್ಲಿದ್ದವರ ಗರ್ಭಕೋಶ ತೆಗೆದರು. ಮುಟ್ಟಿನ ದಿನ ಸ್ವಚ್ಛ ಇರಿಸುವುದು ಕಷ್ಟ ಅನ್ನುವುದು ಕಾರಣ. ಮಹಿಳಾ ಸಂಘಟನೆಗಳು ಬೀದಿಗಿಳಿದ ಮೇಲೆ ನಿಂತಿತು. 1996ರಲ್ಲಿ ದೇಶದಾದ್ಯಂತ ಟಾರ್ಗೆಟ್ ತೆಗೆದರು, ಕಾಗದದಲ್ಲಿ. 2009ರಲ್ಲಿ ಚಂಡೀಗಡದ ಅನಾಥೆಯೊಬ್ಬಳ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು, ಹೆರುವ ಹೆರದಿರುವ ಆಯ್ಕೆ ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಅಂದಿತು. ಬುದ್ಧಿ ಕಡಿಮೆ ಅಂತ ಕರೆದು ಬಲವಂತ ಮಾಡುವ ಸುಜನನದ ವಿಚಾರವನ್ನು ಹೆಸರು ಹಿಡಿದೇ ತಿರಸ್ಕರಿಸಿತು. ಆದರೂ 2014ರ ನವೆಂಬರಿನಲ್ಲಿ ಛತ್ತೀಸಗಡದ ಬಿಲಾಸಪುರದ ಹತ್ತಿರ ಒಬ್ಬ ವೈದ್ಯ ಕೆಲವೇ ತಾಸಿನಲ್ಲಿ 83 ಹೆಂಗಸರಿಗೆ ಆಪರೇಶನ್ ಮಾಡಿದ. ಆ ದಿನಗಳಲ್ಲಿ ಅಲ್ಲಿನ ಶಿಬಿರಗಳಿಗೆ ಹೋದವರಲ್ಲಿ ಹದಿಮೂರು ಮಂದಿ ಸತ್ತರು. ಶಿಬಿರಗಳನ್ನೇ ಮೂರು ವರ್ಷದೊಳಗೆ ನಿಲ್ಲಿಸಿ ಅಂತ ಸುಪ್ರೀಂ ಕೋರ್ಟು ಹೇಳಿದ್ದು 2016ರಲ್ಲಿ.

ಈಗ ನಮ್ಮ ಮಗ್ಗುಲಿಗೇ ಬರುತ್ತೇನೆ. 2015ರಲ್ಲಿ ಕಲಬುರಗಿಯ ಲಂಬಾಣಿ ತಾಂಡಾಗಳಿಂದ ಒಂದು ಸುದ್ದಿ ಹೊರಬಿತ್ತು. ಎರಡು ಸಾವಿರಕ್ಕೂ ಹೆಚ್ಚು ಹೆಂಗಸರಿಗೆ, ಹೆಚ್ಚಿನವರು ಲಂಬಾಣಿ ಮತ್ತು ದಲಿತರು, ಖಾಸಗಿ ಆಸ್ಪತ್ರೆಗಳಲ್ಲಿ ಗರ್ಭಕೋಶ ತೆಗೆದಿದ್ದರು ಅಂತ ಪತ್ರಿಕೆಗಳು ಬರೆದವು. ಬಹಳ ಮಂದಿ ನಲವತ್ತು ದಾಟದವರು. ಆರೋಗ್ಯ ಇಲಾಖೆಯ ತನಿಖೆಯ ನಂತರ ಕೆಲವು ಆಸ್ಪತ್ರೆಗಳ ಪರವಾನಗಿ ರದ್ದಾಯಿತು. ಆಮೇಲೆ ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ರಾಣೆಬೆನ್ನೂರು. ಅಲ್ಲಿ ಸರಕಾರಿ ಆಸ್ಪತ್ರೆಯಲ್ಲೇ ಕೆಲವು ವರ್ಷಗಳಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಆಪರೇಶನ್ ಆದವು ಅನ್ನುವ ದೂರು. ಅಲ್ಲಿಯೂ ತಾಂಡಾದ ಹೆಂಗಸರು. ಪರಿಹಾರ ಕೇಳಿ 2022ರಲ್ಲಿ ಅವರು ಆಗಿನ ಮುಖ್ಯಮಂತ್ರಿಗಳ ಕ್ಷೇತ್ರ ಶಿಗ್ಗಾಂವಿಯ ಕಡೆ ಕಾಲ್ನಡಿಗೆಯಲ್ಲಿ ಹೊರಟರು. ಬೇರೆ ರಾಜ್ಯಗಳಿಂದ ಬಂದ ಇಂಥದ್ದೇ ದೂರಿನ ಮೇಲೆ ಸುಪ್ರೀಂ ಕೋರ್ಟು 2023ರ ಏಪ್ರಿಲ್‌ನಲ್ಲಿ, ಬೇಡದ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿ ಮಾಡಿ ಅಂತ ಎಲ್ಲ ರಾಜ್ಯಗಳಿಗೂ ಹೇಳಿತು.

ಇದು ನಡೆಯುವ ಬಗೆ ನಮ್ಮ ಭಾಗದ ಯಾವ ಹೆಂಗಸಿಗೂ ಗೊತ್ತು. ಬಿಳಿಮುಟ್ಟು ಹೋಗುತ್ತದೆ, ಕಿಬ್ಬೊಟ್ಟೆ ನೋಯುತ್ತದೆ, ದವಾಖಾನೆಗೆ ಹೋಗುತ್ತಾಳೆ. ಗುಳಿಗೆಯಲ್ಲಿ ಹೋಗುವ ಸೋಂಕು ಇರಬಹುದು. ಒಂದು ಸ್ಕ್ಯಾನ್ ಆಗುತ್ತದೆ. "ಗರ್ಭಚೀಲ ಕೆಟ್ಟೈತಿ, ಬಿಟ್ರ ಕ್ಯಾನ್ಸರ್ ಆಗ್ತೈತಿ." ಮುಂದಿನ ಮಾತು ಇದು: "ಹೆಂಗೂ ಆಪರೇಶನ್ ಆಗೇತಿ, ಮಕ್ಕಳಾಗೋ ಹಂಗಿಲ್ಲ. ಇನ್ನ ಆ ಚೀಲ ಇದ್ದೇನು ಮಾಡತೈತಿ?" ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದರೆ ಮೂವತ್ತೈದಕ್ಕೇ ಮುಟ್ಟು ನಿಂತವಳ ಮೈ ಆಗುತ್ತದೆ, ಎಲುಬು ಸವೆಯುತ್ತದೆ. ಗೋವಾಕ್ಕೆ, ಕಬ್ಬು ಕಡಿಯಲಿಕ್ಕೆ ಗುಳೆ ಹೋಗಿ ದುಡಿಯುವವಳಿಗೆ ಸೊಂಟ ಹೋದರೆ ಕೂಲಿ ಹೋಯಿತು. ನಾನು ಮಾತಾಡಿಸಿದ ತಾಂಡಾದ ಹೆಂಗಸೊಬ್ಬರು ಸ್ಕ್ಯಾನಿನ ಚೀಟಿ, ಡಿಸ್ಚಾರ್ಜ್ ಕಾಗದ ಎಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತೊಲೆಗೆ ಸಿಗಿಸಿಟ್ಟಿದ್ದರು. ಬಂದವರಿಗೆಲ್ಲ ಬಿಚ್ಚಿ ತೋರಿಸುತ್ತಾರೆ. "ಯಾರೂ ಪೂರಾ ಓದಂಗಿಲ್ರಿ, ಫೋಟೊ ಹೊಡಕೊಂಡು ಹೋಗ್ತಾರ" ಅಂದರು. ನಾನೂ ಫೋಟೊ ಹೊಡೆದುಕೊಂಡಿದ್ದೆ. ಮತ್ತೆ ಕೂತು ಓದಿದೆ. ರೋಗ ಏನು ಅನ್ನುವ ಸಾಲು ಇಂಗ್ಲಿಷಿನಲ್ಲಿತ್ತು, ಎರಡೇ ಪದ. ಒಪ್ಪಿಗೆಯ ಜಾಗದಲ್ಲಿ ಗಂಡನ ಹೆಬ್ಬೆಟ್ಟು.

ಇದನ್ನು ಸುಜನನ ಅಂತ ಕರೆಯಬಹುದೇ? ಕಲಬುರಗಿಯಲ್ಲಿ ಕೆಲಸ ಮಾಡಿದ್ದು ದುಡ್ಡು ಅಂತ ಗೆಳೆಯರೊಬ್ಬರು ವಾದಿಸಿದರು. ದುಡ್ಡೇ ನಿಜ. ಯಾವ ವೈದ್ಯರೂ ಜನಾಂಗ ಸುಧಾರಿಸಲಿಕ್ಕೆ ಅಂತ ಕತ್ತರಿ ಹಿಡಿಯಲಿಲ್ಲ. ಆದರೆ ದುಡ್ಡಿನ ಆಸೆ ಎಲ್ಲರ ಮೇಲೂ ಒಂದೇ ರೀತಿ ಬೀಳಲಿಲ್ಲವಲ್ಲ. ಪಟ್ಟಣದ ಬಡಾವಣೆಯ ಹೆಂಗಸರು ಇದೇ ನೋವು ಹೇಳಿಕೊಂಡು ಹೋದರೆ ಎರಡನೇ ವೈದ್ಯರ ಅಭಿಪ್ರಾಯ ಕೇಳಿ ಬರುತ್ತಾರೆ. ತಾಂಡಾದವಳಿಗೆ ಆ ಪ್ರಶ್ನೆಯನ್ನು ಕೇಳುವವರೂ ಇಲ್ಲ, ಅವಳು ಕೇಳಿದರೆ ಉತ್ತರಿಸುವವರೂ ಇಲ್ಲ. ಹೆತ್ತು ಮುಗಿಸಿದ ಹೊಟ್ಟೆಗೆ ಬೇರೆ ಉಪಯೋಗವಿಲ್ಲ, ಅದರಲ್ಲೂ ಇಂಥವರ ಹೊಟ್ಟೆಗೆ, ಅನ್ನುವ ನೋಟ ನೂರು ವರ್ಷಗಳಿಂದ ಕೈಯಿಂದ ಕೈಗೆ ಬಂದದ್ದು. ಪುಸ್ತಕ ಮರೆತರೂ ಕೈ ಮರೆತಿಲ್ಲ.

ನನ್ನ ಫಾರ್ಮಿನ ಕಥೆ ಅರ್ಧಕ್ಕೆ ಬಿಟ್ಟಿದ್ದೆ. ಅವತ್ತು ನಾನೇ, "ಸಿಸ್ಟರ್, ನನ್ನ ಕೇಳ್ರಿ" ಅಂದೆ. ಅವರಿಗೆ ಮುಜುಗರವಾಯಿತು, ಮಂಚದ ಮೇಲೆ ಕೂತು ಎಲ್ಲ ಬಿಡಿಸಿ ಹೇಳಿದರು. ಗಂಡಸರದ್ದೂ ಮಾಡುತ್ತೀರಲ್ಲ ಅಂದಾಗ ಮಾವ ಹೊರಗೆ ಹೋದರು, ನನ್ನ ಗಂಡ ಕೂಸಿನ ಟೊಪ್ಪಿಗೆ ಸರಿ ಮಾಡುತ್ತ ನಿಂತರು. ಕೊನೆಗೆ ನಾನೇ ಹೂಂ ಅಂದೆ, ಸಹಿ ಮಾಡಿದೆ. ಸಿಸ್ಟರ್ ಪೆನ್ನನ್ನು ಇವರ ಕಡೆ ಚಾಚಿದರು. ಕೇಂದ್ರ ಸರಕಾರದ ಮಾರ್ಗಸೂಚಿಯ ಪ್ರಕಾರ ಸಂತಾನಹರಣಕ್ಕೆ ಗಂಡನ ಅಥವಾ ಹೆಂಡತಿಯ ಒಪ್ಪಿಗೆ ಬೇಕಿಲ್ಲ, ಮಾಡಿಸಿಕೊಳ್ಳುವವರ ಸಹಿ ಒಂದೇ ಸಾಕು. ಅದನ್ನು ಹೇಳಿದೆ.

"ಹೌದೇನ್ರಿ ಅಕ್ಕಾರ? ನಮಗ ಯಾರೂ ಹೇಳಿಲ್ಲ ನೋಡ್ರಿ" ಅಂದರು. ಸ್ವಲ್ಪ ಹೊತ್ತು ಫಾರ್ಮನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ಪೆನ್ನನ್ನು ಮತ್ತೆ ಇವರ ಕೈಗೇ ಕೊಟ್ಟರು.

"ಇರ್ಲಿ ಅಣ್ಣಾರ, ನಿಮ್ಮದೊಂದು ಇರ್ಲಿ."